ಪ್ರೈವಸಿ ಗ್ಲಾಸ್: ಬಾಜೂ ಕುಂತವ್ರಿಗೆ ಕತ್ತಲ, ನಿಂತವ್ರಿಗೆ ಬೆಳಕು

ಹುಬ್ಬಳ್ಳಿ-ಧಾರವಾಡ ಚಿಗರಿ ಬಸ್ಸಿನ್ಯಾಗ ಬಾಜೂ ಕುಂತವ್ರ ಕಣ್ಣು ಕಿಟಕಿಕಿಂತ ನಿಮ್ಮ ಮೊಬೈಲ್ ಮ್ಯಾಲ ಜಾಸ್ತಿ ಇರತೈತಿ. ಯಾರ ಮೆಸೇಜ್ ಬಂತು, ಯಾರಿಗೆ ಎಷ್ಟು ರೊಕ್ಕ ಹೋತು, ಎಲ್ಲಾ ಬೇಕು ಅವ್ರಿಗೆ. ಊರ ಉಸಾಬರಿ ಹೊತ್ತವ್ರಿಗೆ ‘ಆ ಕಡೆ ನೋಡ್ರಿ’ ಅಂತ ಹೇಳಿ ಉಪಯೋಗಿಲ್ಲ. ಹುಬ್ಬಳ್ಳಿ ಕೊಪ್ಪೀಕರ್ ರೋಡ್ ಕಡೆ ಮೊಬೈಲ್ ಪರದೆಗೆ ಗ್ಲಾಸ್ ಹಾಕ್ಸಾಕ ಹೋದ್ರ ‘ಪ್ರೈವಸಿ ಹಾಕ್ಲ್ಯಾ?’ ಅಂತ ಅಂಗಡಿಯವ್ರು ಕೇಳೂದು ಇದಕ್ಕ: ನೆಟ್ಟಗ ನೋಡಾವ್ರಿಗಷ್ಟ ಪರದೆ ಕಾಣಿಸೋ ಗ್ಲಾಸ್ ಅದು. ಹೂಂ ಅನ್ನೂಕಿಂತ ಮೊದ್ಲ ನಿಮ್ಮ ಫೋನಿನ ಫಿಂಗರ್‌ಪ್ರಿಂಟ್ ಎಲ್ಲೈತಿ ನೋಡ್ಕೋರಿ. ಅರ್ಧ ತೀರ್ಮಾನ ಅಲ್ಲೇ ಆಗತೈತಿ.

ಪವರ್ ಬಟನ್‌ನ್ಯಾಗ ಇದ್ರ ಏನೂ ತ್ರಾಸಿಲ್ಲ. ಪರದೆ ಒಳಗ ಇದ್ರ ಬಹಳ ಸಲ ಕೈ ಕೊಡತೈತಿ. ಯಾಕಂದ್ರ ಈ ಗ್ಲಾಸಿನ ಪದರದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕರೀ ಗೆರಿಗಳು ಸಾಲಾಗಿ ನಿಂತಿರ್ತಾವ. ನೆಟ್ಟಗ ಬರೋ ಬೆಳಕು ದಾಟತೈತಿ, ಓರಿಯಾಗಿ ಹೋಗೋ ಬೆಳಕು ಗೆರಿಗೆ ಬಡಿದು ಅಲ್ಲೇ ಸಾಯತೈತಿ. ಬೆಳಕಿನಿಂದ ಬೆರಳು ಓದೋ ಸೆನ್ಸರಿಗೂ ಅದೇ ಗೆರಿ ಅಡ್ಡ. ಗ್ಲಾಸ್ ಹಾಕ್ಸಿದ ಮ್ಯಾಲ ಹಳೇ ಬೆರಳಚ್ಚು ಅಳಿಸಿ ಹೊಸದಾಗಿ ಕೊಡ್ರಿ, ಸೆಟ್ಟಿಂಗ್ಸ್‌ನ್ಯಾಗ ಟಚ್ ಸೆನ್ಸಿಟಿವಿಟಿ ಇದ್ರ ಏರಸ್ರಿ. ಅಷ್ಟಾದ್ರೂ ಓದಲಿಲ್ಲಂದ್ರ ಅಂಥಾ ಫೋನಿಗೆ ಈ ಗ್ಲಾಸ್ ಬ್ಯಾಡ.

ಟೂ-ವೇ ಗ್ಲಾಸ್ ಎಡ-ಬಲ ಅಷ್ಟ ಮುಚ್ಚತೈತಿ. ಸುಮಾರು 30 ಡಿಗ್ರಿ ದಾಟಿದ್ರ ಮಸಕು, 45ರ ಹೊತ್ತಿಗೆ ಕರ್ರಗ. ಬಾಜೂ ಸೀಟಿನವ್ರಿಗೆ ಇಷ್ಟು ಸಾಕು. ಆದ್ರ ತಲಿ ಮ್ಯಾಲಿನ ಹಿಡಿಕಿ ಹಿಡ್ಕೊಂಡು ನಿಂತು ಹಣಕಿ ಹಾಕಾವ್ರಿಗೆ ಎಲ್ಲಾ ಚೊಲೋ ಕಾಣತೈತಿ. ಫೋನ್ ಅಡ್ಡ ಹಿಡಿದು ವಿಡಿಯೋ ನೋಡಿದ್ರ ಗೆರಿನೂ ಅಡ್ಡಾಗತಾವ, ಆವಾಗ ಬಾಜೂನವ್ರೂ ಪುಕ್ಕಟೆ ಪ್ರೇಕ್ಷಕರು. ಫೋರ್-ವೇ ನಾಲ್ಕೂ ಕಡೆ ಮುಚ್ಚತೈತಿ, ಆದ್ರ ಪರದೆ ಇನ್ನೂ ಮಬ್ಬಾಗತೈತಿ. ನೆಟ್ಟಗ ಹಿಂದಿನಿಂದ, ಹೆಗಲ ಮ್ಯಾಲಿಂದ ನೋಡಾವ್ರನ್ನ ಯಾವ ಗ್ಲಾಸೂ ತಡ್ಯೂದಿಲ್ಲ.

ಮಬ್ಬು ಅನ್ನೂದನ್ನ ಹಗುರಾಗಿ ತಗೋಬ್ಯಾಡ್ರಿ. ಬಿಸಲಾಗ ಬ್ರೈಟ್‌ನೆಸ್ ಪೂರ್ತಿ ಏರಿಸಬೇಕಾಗತೈತಿ, ಬ್ಯಾಟರಿ ಲಗೂನ ಇಳೀತೈತಿ. ಬ್ರೈಟ್‌ನೆಸ್ ಏರಿಸಿದಷ್ಟೂ ಓರೆ ನೋಡಾವ್ರಿಗೂ ಸ್ವಲ್ಪ ಸ್ವಲ್ಪ ಕಾಣಾಕ ಶುರು ಆಗತೈತಿ. ಬಸ್ಸಿನ್ಯಾಗ ಅರ್ಧಕ್ಕ ಇಡ್ರಿ.

ಅಂಗಡ್ಯಾಗ ದುಡ್ಡು ಕೊಡೂಕಿಂತ ಮೊದ್ಲ ಗ್ಲಾಸನ್ನ ಫೋನಿನ ಮ್ಯಾಲ ಸುಮ್ನ ಇಟ್ಟು, ಬಿಳೀ ಪುಟ ತೆರೆದು, ನಿಧಾನ ಹೊರಳಸ್ರಿ. 45 ಡಿಗ್ರಿಗೂ ಅಕ್ಷರ ಓದಾಕ ಬಂದ್ರ ಅದು ಬರೇ ಕರೀ ಬಣ್ಣದ ಗ್ಲಾಸ್. ಸಾದಾ ಗ್ಲಾಸಿಗಿಂತ ಜಾಸ್ತಿ ರೊಕ್ಕ ಅದಕ್ಯಾಕ? ನೆಟ್ಟಗ ನೋಡಿದಾಗ ಅಕ್ಷರದ ಅಂಚಿಗೆ ಕಾಮನಬಿಲ್ಲಿನ ಬಣ್ಣ ಕಂಡ್ರೂ ಬ್ಯಾಡ ಅನ್ರಿ, ಕಣ್ಣು ನೋಯ್ತಾವ. ಡಬ್ಬಿ ಮ್ಯಾಲಿನ ‘9ಎಚ್’ ನೋಡಿ ಮರುಳಾಗಬ್ಯಾಡ್ರಿ: ಅದು ಪೆನ್ಸಿಲ್‌ನಿಂದ ಗೀಚಿ ನೋಡೋ ಗಟ್ಟಿತನದ ಅಳತಿ. ಕಿಸೆದಾಗಿನ ಉಸುಕು ಗ್ಲಾಸಿಗಿಂತ ಗಟ್ಟಿ, ಗೆರಿ ಬಿದ್ದ ಬೀಳತೈತಿ.

ಹಚ್ಚೂವಾಗ ಫ್ಯಾನ್ ಆರಸಾಕ ಹೇಳ್ರಿ. ಹುಬ್ಬಳ್ಳಿ ಧೂಳಾಗ ಅದೊಂದು ಮಾತು ಬಹಳ ಕೆಲಸ ಉಳಸತೈತಿ. ಮೊದ್ಲ ಒದ್ದಿ ವೈಪ್, ಆಮ್ಯಾಲ ಒಣ ಬಟ್ಟಿ, ಕಡೀಕ ಧೂಳು ತೆಗಿಯೋ ಸ್ಟಿಕರ್. ಸೆಲ್ಫಿ ಕ್ಯಾಮೆರಾದ ತೂತಿಗೆ ಹೊಂದಿಸಿ ಬಿಟ್ರ ಅಂಟು ತಾನ ಹರಡತೈತಿ. ಒತ್ತಿದ್ರೂ ಹೋಗದ ಗುಳ್ಳಿ ಉಳಿದ್ರ ಒಳಗ ಧೂಳಿನ ಕಣ ಐತಿ ಅಂತ ತಿಳೀರಿ. ಅಂಚು ಎತ್ತಿ ಟೇಪಿಗೆ ಅಂಟಿಸಿ ತೆಗೀಬೇಕು, ಉಜ್ಜಿದ್ರ ಹೋಗೂದಿಲ್ಲ. ಅಂಚು ಬಾಗಿದ ಪರದೆ ಇದ್ರ ಈ ಗ್ಲಾಸ್ ಅಂಚಿಗೆ ಎದ್ದು ಬರತೈತಿ. ಯುವಿ ಅಂಟು (ಯುವಿ ಬೆಳಕು ಬಿಟ್ರ ಗಟ್ಟಿಯಾಗೋ ನೀರಿನಂಥ ಅಂಟು) ಹಾಕ್ತೀವಿ ಅಂದ್ರ ಅದು ಸ್ಪೀಕರ್ ತೂತಿಗೆ ಇಳಿಯದಂಗ ಮೊದ್ಲ ಮುಚ್ಚಸ್ರಿ.

ದಿನಾ ಚಿಗರಿ ಹತ್ತಾವ್ರಿಗೆ, ಅದೂ ಬಟನ್ ಫಿಂಗರ್‌ಪ್ರಿಂಟ್ ಇದ್ರ, ಫೋರ್-ವೇ ತಗೋಳ್ರಿ. ಆಫೀಸಿನ್ಯಾಗ ಬಾಜೂ ಟೇಬಲ್ಲಿನವ್ರ ಕಾಟ ಅಷ್ಟ ಇದ್ರ ಟೂ-ವೇ ಸಾಕು. ಅಂಗಡಿ ನಡಸಾವ್ರು, ಗಿರಾಕಿಗೆ ಪದೇ ಪದೇ ಪರದೆ ತೋರಸಾವ್ರು ಹಾಕಸಬ್ಯಾಡ್ರಿ. ಪೇಮೆಂಟ್ ಆಗೇತಿ ಅಂತ ತೋರಸಾಕ ಪ್ರತಿ ಸಲ ಫೋನ್ ಅವ್ರ ಮುಖದ ಮುಂದ ಹಿಡೀಬೇಕಾಗತೈತಿ.