ಎಂಟು ತಿಂಗಳು ಮುಂದೆ ಹೋಗಿ ಬಂದ ಕಂಪ್ಯೂಟರ್: ವಾರ್ಷಿಕ ಲೈಸೆನ್ಸಿನ ಸಾಫ್ಟ್‌ವೇರಿನೊಂದಿಗೆ ನಮ್ಮ ಅನುಭವ

ರಾಜಾಜಿನಗರದ ನಮ್ಮ ಸಣ್ಣ ಕಚೇರಿಯಲ್ಲಿ ಕಟ್ಟಡಗಳ ಸ್ಟ್ರಕ್ಚರಲ್ ಲೆಕ್ಕ ಹಾಕಿ ನಕ್ಷೆ ತೆಗೆಯುವ ಸಾಫ್ಟ್‌ವೇರೊಂದನ್ನು 2021ರಿಂದ ಬಳಸುತ್ತಿದ್ದೇವೆ. ಪಾಯ, ಕಂಬ, ಬೀಮುಗಳ ವಿವರಗಳು ಅಚ್ಚುಕಟ್ಟಾಗಿ ಬರುತ್ತವೆ. ಆ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ. ನನ್ನ ತಕರಾರಿರುವುದು ಅದರ ವಾರ್ಷಿಕ ಲೈಸೆನ್ಸು ಕಂಪ್ಯೂಟರಿನ ಗಡಿಯಾರವನ್ನು ನಂಬುವ ರೀತಿಯ ಬಗ್ಗೆ.

ಈ ಸಾಫ್ಟ್‌ವೇರ್ ಪ್ರತಿ ಸಲ ತೆರೆದಾಗಲೂ ಆಗಿನ ತಾರೀಖು ಮತ್ತು ಸಮಯವನ್ನು ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಕಂಪ್ಯೂಟರ್ ತೋರಿಸುವ ಸಮಯ ಅದಕ್ಕಿಂತ ಹಿಂದಿನದಾಗಿದ್ದರೆ, ಅವಧಿ ಮುಗಿದ ಲೈಸೆನ್ಸನ್ನು ಉಳಿಸಿಕೊಳ್ಳಲು ಯಾರೋ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ್ದಾರೆಂದು ತೀರ್ಮಾನಿಸಿ ತೆರೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಮೂವತ್ತು ದಿನದ ಟ್ರಯಲ್ ಪ್ರತಿಗಳನ್ನು ತಾರೀಖು ತಿದ್ದಿ ತಿಂಗಳುಗಟ್ಟಲೆ ಓಡಿಸುತ್ತಿದ್ದ ಕಾಲವನ್ನು ಕಂಡವರಿಗೆ (ಕಾಲೇಜಿನಲ್ಲಿ ನಾನೂ ಆ ಗುಂಪಿನವನೇ) ಈ ಕಾವಲು ಅನ್ಯಾಯವೆನಿಸದು.

2024ರ ಆರಂಭದಲ್ಲಿ ನಮ್ಮ ಒಂದು ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಬ್ಯಾಟರಿ ಸತ್ತುಹೋಗಿ, ರಾತ್ರಿ ಕರೆಂಟ್ ಹೋದಾಗಲೆಲ್ಲ ಬೆಳಿಗ್ಗೆ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿರುತ್ತಿತ್ತು. ಸಾಫ್ಟ್‌ವೇರ್ ಮುನಿಸಿಕೊಳ್ಳುತ್ತಿತ್ತು; ತಾರೀಖು ಸರಿಮಾಡಿದರೆ ಸುಮ್ಮನಾಗುತ್ತಿತ್ತು. ನಿಜವಾದ ಪೆಟ್ಟು ಬಿದ್ದದ್ದು ರಿಪೇರಿಯ ದಿನ. ಮಾರ್ಚ್ 11ರ ಸೋಮವಾರ ಎಸ್.ಪಿ. ರಸ್ತೆಯಿಂದ ತಂದ ಸಿ.ಆರ್. 2032 ಸೆಲ್ಲನ್ನು ಕೂರಿಸಿದ ಹುಡುಗ, ಬಯಾಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ನಾವೆಲ್ಲ ಬರೆಯುವಂತೆಯೇ 11, ಆಮೇಲೆ 03 ಎಂದು ತುಂಬಿದ. ಆ ಪರದೆ ಮೊದಲು ಕೇಳುವುದು ತಿಂಗಳನ್ನು. ಹಾಗಾಗಿ ಕಂಪ್ಯೂಟರ್ ನವೆಂಬರ್ 3ಕ್ಕೆ ಹೋಗಿ ಕುಳಿತಿತು.

ಲೈಸೆನ್ಸು ಡಿಸೆಂಬರ್‌ವರೆಗೆ ಇದ್ದುದರಿಂದ ಸಾಫ್ಟ್‌ವೇರ್ ಚಕಾರವೆತ್ತದೆ ತೆರೆದುಕೊಂಡಿತು. ಗ್ರಾಹಕರೊಬ್ಬರ ಷರತ್ತಿನಂತೆ ಆ ಯಂತ್ರಕ್ಕೆ ಇಂಟರ್ನೆಟ್ ಕೊಟ್ಟಿರಲಿಲ್ಲವಾದ್ದರಿಂದ ಸಮಯ ತಾನಾಗಿ ಸರಿಹೋಗುವಂತೆಯೂ ಇರಲಿಲ್ಲ. ಬುಧವಾರ ಸಂಜೆ ನಕ್ಷೆಯ ಪ್ರಿಂಟ್ ತೆಗೆದಾಗ, ಬಲ ಮೂಲೆಯ ಚೌಕದಲ್ಲಿ 05-11-2024 ಎಂದಿರುವುದನ್ನು ನೋಡಿ ತಾರೀಖು ತಿದ್ದಿದೆವು. ತಿದ್ದಿದ್ದೇ ತಪ್ಪಾಯಿತು. ಗಡಿಯಾರ ಹಿಂದಕ್ಕೆ ಹೋಗಿದೆಯೆಂಬ ಅದೇ ಸಂದೇಶ ಮತ್ತೆ ಬಂತು, ಈ ಸಲ ನಾವು ತೋರಿಸುತ್ತಿದ್ದ ತಾರೀಖು ಸರಿಯಾಗಿದ್ದರೂ. ಸುಮ್ಮನೆ ಬಿಟ್ಟಿದ್ದರೆ ಅದು ನವೆಂಬರ್ 5ರವರೆಗೆ ತೆರೆಯುತ್ತಿರಲಿಲ್ಲ.

“ಸರ್, ನೀವು ಡೇಟ್ ಹಿಂದೆ ಹಾಕಿದ್ದೀರಿ” ಎಂದರು ಸಹಾಯವಾಣಿಯವರು. “ಹಿಂದೆ ಹಾಕಿಲ್ಲಮ್ಮ, ಸರಿ ಮಾಡಿದ್ದೇವೆ” ಎಂದು ಅವರಿಗೆ ಅರ್ಥಮಾಡಿಸುವಷ್ಟರಲ್ಲಿ ಎರಡು ದಿನ ಕಳೆಯಿತು. ಅವರು ಕಳಿಸಿದ ದುರಸ್ತಿ ಫೈಲ್ ಹಾಕಿದರೂ ಸಂದೇಶ ಹೋಗಲಿಲ್ಲ. ಡಿಸ್ಕಿನಲ್ಲಿ ಮುಂದಿನ ತಾರೀಖಿನ ಫೈಲುಗಳಿವೆಯೇ ಎಂಬುದನ್ನೂ ಅದು ನೋಡುತ್ತದೆಯೆಂಬುದು ಆಗ ತಿಳಿಯಿತು. ಆ ಮೂರು ದಿನಗಳಲ್ಲಿ ಹುಟ್ಟಿದ ಫೈಲುಗಳನ್ನೆಲ್ಲ ಹುಡುಕಿ ಅಳಿಸಿ, ನಕ್ಷೆಗಳನ್ನು ಪೆನ್‌ಡ್ರೈವಿಗೆ ಸಾಗಿಸಿದ ಮೇಲಷ್ಟೇ ಅದು ತೆರೆಯಿತು.

ನ್ಯಾಯವಾಗಿ ಹೇಳುವುದಾದರೆ, ಸಣ್ಣಪುಟ್ಟ ವ್ಯತ್ಯಾಸಗಳಿಗೆ ಇದು ರಂಪ ಮಾಡುವುದಿಲ್ಲ. ನಮ್ಮ ಇಂಜಿನಿಯರೊಬ್ಬರು ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡಿದ್ದಾರೆ. ಲಿನಕ್ಸ್ ಸಾಮಾನ್ಯವಾಗಿ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿಯೂ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣ ಸಮಯ) ವಿಂಡೋಸ್ ಸ್ಥಳೀಯ ಸಮಯದಲ್ಲಿಯೂ ಓದುವುದರಿಂದ ಅಲ್ಲಿ ಆಗಾಗ ಐದೂವರೆ ಗಂಟೆ ಏರುಪೇರಾಗುತ್ತದೆ. ಅದನ್ನು ಈ ಸಾಫ್ಟ್‌ವೇರ್ ಸಹಿಸಿಕೊಂಡಿದೆ. ಅವರು ದುಬೈಗೆ ಹೋಗಿ ಟೈಮ್‌ಜೋನ್ ಬದಲಿಸಿದಾಗಲೂ ತೊಂದರೆಯಾಗಲಿಲ್ಲ.

ಇಂಟರ್ನೆಟ್ ಇಲ್ಲದ ಆ ಯಂತ್ರಕ್ಕೆ ಈಗ ಹೆಚ್ಚಿನ ಹಣ ತೆತ್ತು ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ, ಲೈಸೆನ್ಸನ್ನು ತನ್ನೊಳಗೇ ಇಟ್ಟುಕೊಂಡ ಪುಟ್ಟ ಸಾಧನ) ತೆಗೆದುಕೊಂಡಿದ್ದೇವೆ. ಅದರೊಳಗೇ ಬೇರೆ ಗಡಿಯಾರವಿರುವುದರಿಂದ ಕಂಪ್ಯೂಟರಿನ ತಾರೀಖು ಎತ್ತ ಹೋದರೂ ಲೈಸೆನ್ಸಿಗೆ ಚಿಂತೆಯಿಲ್ಲ. ಕಳೆದುಹೋದರೆ ಮಾತ್ರ ಲೈಸೆನ್ಸೂ ಹೋದಂತೆಯೇ ಎಂದು ಅದನ್ನು ಸಂಜೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ತಾರೀಖು ಒಮ್ಮೆಗೇ ತಿಂಗಳುಗಟ್ಟಲೆ ಮುಂದೆ ಜಿಗಿದಾಗ, ಬರೆದಿಟ್ಟುಕೊಳ್ಳುವ ಮೊದಲು ಬಳಕೆದಾರರನ್ನು ಒಂದು ಮಾತು ಕೇಳುವಂತೆ ಮಾಡಿರೆಂದು ತಯಾರಕರಿಗೆ ಬರೆದಿದ್ದೆ. ಪರಿಶೀಲಿಸುತ್ತೇವೆಂಬ ಉತ್ತರ ಬಂದಿತ್ತು. ನಾವೀಗ ಬಳಸುತ್ತಿರುವ ಹೊಸ ಆವೃತ್ತಿಯೂ ಕೇಳುವುದಿಲ್ಲ. ಲೆಕ್ಕಕ್ಕೆ ಐದರಲ್ಲಿ ನಾಲ್ಕೂವರೆ, ಲೈಸೆನ್ಸಿಗೆ ಎರಡು ಅಂಕ ಕೊಡುತ್ತೇನೆ.