ಪುಣೆ ವೈಶಾಲಿ: ದ್ವಾಸಿ ಬಿಡ್ರಿ, ಎಸ್‌ಪಿಡಿಪಿ ಹೇಳ್ರಿ

ಪುಣೆಕ್ಕ ಹೋಗಿ ವೈಶಾಲಿ ಹೋಟೆಲಿನ್ಯಾಗ ಮಸಾಲಿ ದ್ವಾಸಿ ತಿಂದು ಬಂದು "ಇದಕ್ಕಿಂತ ನಮ್ಮ ಹುಬ್ಬಳ್ಳ್ಯಾಗ ಚಲೋ ಸಿಗ್ತೈತಿ ಬಿಡೋ" ಅನ್ನೋ ಮಂದಿ ಭಾಳ ಅದಾರ. ಸಿಗ್ತೈತಿ, ನಾನೂ ಒಪ್ಪತೀನಿ. ಆದ್ರ 430 ಕಿಲೋಮೀಟರ್ ಗಾಡಿ ಹೊಡ್ಕೊಂಡು ಹೋಗಿ ಮನಿ ಮುಂದ ಸಿಗೋದನ್ನ ಯಾಕ್ ತಿಂತೀರಿ ಮಾರಾಯ್ರ? ಅಲ್ಲಿ ತಿನ್ನೋದು ಎಸ್‌ಪಿಡಿಪಿ ಅನ್ನೋ ಚಾಟ್.

ನಮ್ಮ ದೋಸ್ತ ಪುಣೆಯ ಹಿಂಜವಡಿ ಕಡೆ ಐಟಿ ಕಂಪನಿಗೆ ಸೇರಿ ವಾಕಡದಾಗ ಮನಿ ಮಾಡ್ಯಾನ, ಗಂಡ ಹೆಂಡ್ತಿ ಇಬ್ರಿಗೂ ಹೊಸಾ ಊರು, ಗುರ್ತಿನವ್ರು ಅನ್ನೋವ್ರು ಯಾರೂ ಇಲ್ಲ, ಹಿಂಗಾಗಿ "ವೀಕೆಂಡಿಗೆ ಬರ್ರಿಲೇ" ಅಂತ ದಿನಾ ಫೋನು. ಶನಿವಾರ ನಸುಕಿನ್ಯಾಗ ಧಾರವಾಡ ಪೇಡೆ ಡಬ್ಬಿ ಹಿಡ್ಕೊಂಡು ಬಿಟ್ವಿ. ಬೆಳಗಾವಿ ತನಕ ರಸ್ತೆ ಬೆಣ್ಣಿ. ಕಾಗಲ್ ದಾಟಿದ ಮ್ಯಾಲೆ ಸಾತಾರಾ ತನಕ ಆರು ಲೇನ್ ಕೆಲಸ ನಡದೈತಿ, ಡೈವರ್ಷನ್ ಮ್ಯಾಲೆ ಡೈವರ್ಷನ್, ಅಲ್ಲೇ ಟೈಮೆಲ್ಲಾ ಹೋಗ್ತೈತಿ. ಕರಾಡ ಹತ್ರ ಒಂದು ಧಾಬಾ, ಹೆಸರು ಬ್ಯಾಡ, ಚಾ ಆರಿತ್ತು, ಟಾಯ್ಲೆಟ್ಟಿಗೆ ಕೀಲಿ ಹಾಕಿದ್ರು, ಕೀಲಿ ಯಾರ ಕಡೆ ಐತಿ ಅಂತ ಅಲ್ಲಿ ಒಬ್ರಿಗೂ ಗೊತ್ತಿಲ್ಲ. ಖಂಬಾಟ್ಕಿ ಬೋಗದ (ಸುರಂಗ) ದಾಟಿದ ಕೂಡ್ಲೆ ಒಂದು ತಿರುವು ಐತಿ, ಮುಂದ ಕಾತ್ರಜ ಹೊಸಾ ಬೋಗದದಿಂದ ನವಲೆ ಸೇತುವೆ ತನಕ ಪೂರಾ ಇಳಿಜಾರು. ಇಲ್ಲಿ ಮಾತ್ರ ತಮಾಷಿ ಬ್ಯಾಡ, ಲಾರಿಯವ್ರು ಡೀಸೆಲ್ ಉಳಸಾಕ ನ್ಯೂಟ್ರಲ್ ಹಾಕಿ ಬಿಟ್ಟು ಬ್ರೇಕ್ ಹಿಡೀದ ಆಗಿರೋ ಆಕ್ಸಿಡೆಂಟ್ ಲೆಕ್ಕ ಇಲ್ಲ, ನೀವು ಸಣ್ಣ ಗೇರ್‌ನಾಗ ಎಡಕ್ಕ ಇಟ್ಕೊಂಡು ಇಳೀರಿ.

ಈಗ ವೈಶಾಲಿ. ಫರ್ಗ್ಯುಸನ್ ಕಾಲೇಜು ರೋಡಿನ ಮ್ಯಾಲೆ, ಅಲ್ಲಿ ಎಫ್‌ಸಿ ರೋಡ್ ಅಂತಾರ. ಕಾಲೇಜು 1885ರದ್ದು, ಹೋಟೆಲ್ಲೂ ಆ ಊರಾಗ ಅಜ್ಜನ ಕಾಲದ್ದ. ಕಟ್ಟಿದವ್ರು ನಮ್ಮ ಕರಾವಳಿಯ ಜಗನ್ನಾಥ ಶೆಟ್ರು, ಸಣ್ಣ ವಯಸ್ಸಿನಾಗ ಹೋಟೆಲ್ ಕೆಲಸಕ್ಕಂತ ಮಹಾರಾಷ್ಟ್ರಕ್ಕ ಹೋದವ್ರು, ಅದ ರೋಡಿನ್ಯಾಗಿರೋ ರೂಪಾಲೀನೂ ಅವರದ್ದ. 2023ರಾಗ ತೀರ್ಕೊಂಡಾಗ ಪುಣೆ ಮಂದಿ ತಮ್ಮ ಮನಿ ಹಿರಿಯರು ಹೋದಂಗ ಕಣ್ಣೀರು ಹಾಕಿದ್ರು. ನನ್ನ ದೋಸ್ತಗ ಇದ್ಯಾವ್ದೂ ಗೊತ್ತಿರ್ಲಿಲ್ಲ, ಮರಾಠಿ ಮಂದಿ ಹೋಟೆಲ್ ಅಂದ್ಕೊಂಡು ಇಷ್ಟು ದಿನ ಹೊರಗಿಂದ ನೋಡ್ಕೋತ ಹೋಗ್ಯಾನ! ಒಳಗ ನಾವು ನಮ್ಮ ಪಾಡಿಗೆ ಜಗಳಾಡ್ಕೋತ ಕುಂತಾಗ ವೇಟರ್ ಬಂದು ಕನ್ನಡದಾಗ "ಎಂತ ಬೇಕು ಹೇಳಿ" ಅಂದ ನೋಡ್ರಿ, ದೋಸ್ತನ ಹೆಂಡ್ತಿ ಮಾರಿ ಅರಳ್ತು. ಆಮ್ಯಾಲೆ ಆರ್ಡರ್ ಎಲ್ಲಾ ಆಕೀನ ಕೊಟ್ಟಳು, ನಮಗ ಬಾಯಿ ತೆಗಿಯಾಕ ಬಿಡ್ಲಿಲ್ಲ.

ಎಸ್‌ಪಿಡಿಪಿ ಅಂದ್ರ ಸೇವ್ ಪೊಟ್ಯಾಟೊ ದಹಿ ಪೂರಿ. ಕೇಳಾಕ ಸಾದಾ ಚಾಟ್, ಆದ್ರ ಇದಕ್ಕ ಹೆಸರು ಬಂದಿದ್ದು ಈ ಹೋಟೆಲಿಂದ, ಪುಣೆಯಾಗ ಓದಿದ ಯಾರನ್ನರ ಕೇಳ್ರಿ. ಪೂರಿ ಕಾಣಂಗಿಲ್ಲ, ಮ್ಯಾಲೆ ಅಷ್ಟು ಸೇವ್ ಸುರದಿರ್ತಾರ. ಮೊಸರು ತಣ್ಣಗ, ಹುಣಸಿ ಚಟ್ನಿ ಸಿಹಿ ಆದ್ರ ಅತಿ ಇಲ್ಲ, ಆಲೂ ಮೆತ್ತಗ, ಕಡೀಗೆ ಪೂರಿ ಕರ್ ಅಂತೈತಿ. ಮಾತಾಡ್ಕೋತ ಕುಂತ್ರ ಕೆಟ್ಟಿತು, ಬಂದ ಕೂಡ್ಲೆ ತಿನ್ನಬೇಕು. ನಾವು ಪ್ಲೇಟ್ ಹಂಚ್ಕೊಂಡು ತಿನ್ನೂನು ಅಂತ ಶುರು ಮಾಡಿ, ಆಮ್ಯಾಲೆ ಒಬ್ಬೊಬ್ರಿಗೂ ಒಂದೊಂದು ತರಿಸ್ಕೊಂಡ್ವಿ. ಸಾಂಬಾರ್ ನಮ್ಮ ಖಾರದ ನಾಲಿಗಿಗೆ ಒಂಚೂರು ಸಿಹಿ ಅನ್ನಿಸ್ತೈತಿ, ಅದು ಉಡುಪಿ ಕಡೆ ಕೈ, ತಪ್ಪೇನಿಲ್ಲ. ಫಿಲ್ಟರ್ ಕಾಫಿ ಬಗ್ಗೆ ಜಾಸ್ತಿ ಹೇಳಂಗಿಲ್ಲ, ಎರಡನೇದು ಹೇಳಿದ್ವಿ ಅಷ್ಟ.

ಕುಂದ್ರಾಕ ಹಿಂದಿನ ತ್ವಾಟದ ಕಡೆ ಜಾಗ ಕೇಳ್ರಿ, ಗಿಡದ ನೆಳ್ಳು ಇರ್ತೈತಿ. ಕೇಳಿದ್ ಕೂಡ್ಲೆ ಸಿಗಂಗಿಲ್ಲ, ಭಾನುವಾರ ಹತ್ತು ಗಂಟೆ ಮ್ಯಾಲೆ ಹೋದ್ರಂತೂ ಬಾಗಲಾಗ ಜಾತ್ರಿ. ಎದ್ದ ಕೂಡ್ಲೆ ಹೋಗ್ರಿ, ಎಂಟರ ಒಳಗ. ಕಾಲೇಜು ಹುಡುಗ್ರು ಒಂದು ಕಾಫಿ ಮ್ಯಾಲೆ ಗಂಟೆಗಟ್ಲೆ ಕುಂದ್ರತಾರ, ಅವರ ಹಿಂದ ನಿಂತು ಎದ್ದೇಳ್ತಾರೇನೋ ಅಂತ ಕಾಯೋದು ಒಂಥರಾ ನಾಚಿಕಿ, ಆದ್ರ ಅಲ್ಲಿ ಎಲ್ಲಾರೂ ಹಂಗ ನಿಂತಿರ್ತಾರ.

ಕಾರು ಮಾತ್ರ ಒಯ್ಯಬ್ಯಾಡ್ರಿ. ಎಫ್‌ಸಿ ರೋಡು ಒನ್‌ವೇ, ಜಾಗ ತಪ್ಪಿ ಮುಂದ ಹೋದ್ರ ಪೂರಾ ಸುತ್ತಾಕಿ ಬರಬೇಕು, ಬಂದ್ರೂ ಪಾರ್ಕಿಂಗ್ ಇರಂಗಿಲ್ಲ. ದೋಸ್ತನ ಸೊಸೈಟಿಯಾಗ ಗಾಡಿ ನಿಲ್ಲಿಸಿ ಆಟೋ ಹಿಡೀರಿ, ಇಲ್ಲಾಂದ್ರ ಮೆಟ್ರೋದಾಗ ಡೆಕ್ಕನ್ ಜಿಮಖಾನಾಕ್ಕ ಇಳದು ನಡ್ಕೋತ ಬರ್ರಿ.

ಮತ್ತ ಹೊಂಡೋ ಮುಂದ ದಾರಿಗೆ ಅಂತ ಎಸ್‌ಪಿಡಿಪಿ ಪಾರ್ಸಲ್ ಕಟ್ಟಸಬ್ಯಾಡ್ರಿ, ಕಾತ್ರಜ ಬರೋದ್ರೊಳಗ ಪೂರಿ ನೆಂದು ಮುದ್ದಿ ಆಗಿರ್ತೈತಿ. ದಾರ್‍ಯಾಗ ತಿನ್ನಾಕ ಬೇಕಂದ್ರ ಸಾತಾರಾದಾಗ ಕಂದಿ ಪೇಡೆ ಸಿಗ್ತೈತಿ, ಧಾರವಾಡದವ್ರು ಜೋಡಿಗಿದ್ರ ಅವ್ರಿಗೆ ಕಾಣದಂಗ ತಿನ್ರಿ.