ಓಓ ಅಳತೆಯ ರೈಲು ಕಿಟ್‌ಗಳು: ಹಲವು ಮಳೆಗಾಲಗಳ ಬಳಕೆಯ ನಂತರ

ಬ್ರಿಟನ್ನಿನ ಒಂದು ಸಂಸ್ಥೆಯ, ಓಓ ಎಂಬ ಅಳತೆಯ ಮಾದರಿ ರೈಲಿನ (ನಿಜ ರೈಲಿನ ಪುಟ್ಟ ಪ್ರತಿರೂಪದ) ಪ್ಲಾಸ್ಟಿಕ್ ವ್ಯಾಗನ್ ಕಿಟ್‌ಗಳನ್ನೂ, ಅಲ್ಲಿನದೇ ಸಣ್ಣ ತಯಾರಕರೊಬ್ಬರ ಹಿತ್ತಾಳೆಯ ಎಂಜಿನ್ ಕಿಟ್ ಒಂದನ್ನೂ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಕಟ್ಟಿ, ವರ್ಷಗಳಿಂದ ಓಡಿಸುತ್ತ ಬಂದ ಅನುಭವದಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಿಟ್ ಕೈಸೇರಿದ ವಾರದಲ್ಲೇ ಬರೆಯುವ ಅಭಿಪ್ರಾಯಗಳಲ್ಲಿ ಸಾಮಾನ್ಯವಾಗಿ ರಿವೆಟ್ಟು, ಬೋಲ್ಟುಗಳ ನಯಗಾರಿಕೆಯ ವರ್ಣನೆಯೇ ತುಂಬಿರುತ್ತದೆ. ನಾನಾದರೋ ವ್ಯಾಗನ್ನನ್ನು ಮೊದಲು ಕೆಳಗಿನಿಂದ ನೋಡುತ್ತೇನೆ. ನಾಲ್ಕು ಗಾಲಿಗಳೂ ಒಟ್ಟಿಗೆ ಹಳಿಯನ್ನು ಮುಟ್ಟುತ್ತವೆಯೇ, ಬೆರಳಿನಿಂದ ಮೆಲ್ಲಗೆ ನೂಕಿದರೆ ಎಷ್ಟು ದೂರ ಉರುಳುತ್ತದೆ ಎಂಬುದರ ಮೇಲೆಯೇ ಅದು ಮುಂದೆ ಕಪಾಟು ಸೇರುವುದೋ ಹಳಿಯ ಮೇಲೆ ಉಳಿಯುವುದೋ ತೀರ್ಮಾನವಾಗುತ್ತದೆ.

ನಾನು ಹೆಚ್ಚಾಗಿ ಕಟ್ಟಿರುವುದು ಬ್ರಿಟಿಷ್ ರೈಲ್ವೆಯ 16 ಟನ್ನಿನ ಕಲ್ಲಿದ್ದಲು ವ್ಯಾಗನ್. ಮೂಲದಲ್ಲಿ ಅದರ ಎರಡು ಆಕ್ಸಲ್‌ಗಳ (ಗಾಲಿಗಳನ್ನು ಜೋಡಿಸುವ ಅಚ್ಚುಗಳ) ನಡುವಿನ ಅಂತರ 9 ಅಡಿ; ಒಂದು ಅಡಿಗೆ 4 ಮಿ.ಮೀ. ಲೆಕ್ಕದ ಓಓ ಅಳತೆಯಲ್ಲಿ ಅದು 36 ಮಿ.ಮೀ. ಆಗಬೇಕು, ಕ್ಯಾಲಿಪರ್‌ನಲ್ಲಿ ಅಳೆದರೆ ಅಷ್ಟೇ ಇದೆ. ಆಕ್ಸಲ್‌ಗಳ ಉದ್ದ 26 ಮಿ.ಮೀ.; ಅವುಗಳ ಎರಡೂ ತುದಿಗಳನ್ನು ಸೂಜಿಯ ಮೊನೆಯಂತೆ ಚೂಪು ಮಾಡಿರುತ್ತಾರೆ. ಆ ಮೊನೆ ಹಿತ್ತಾಳೆಯ ಪುಟ್ಟ ಬಟ್ಟಲಿನಂಥ ಬೇರಿಂಗ್‌ನಲ್ಲಿ ಕುಳಿತು ತಿರುಗುತ್ತದೆ. ಈ ಕಿಟ್ಟಿನ ಮುಖ್ಯ ಕೊರತೆ ಇರುವುದು ಇಲ್ಲಿಯೇ: ಬೇರಿಂಗ್ ಕೂರಬೇಕಾದ ಕುಳಿ ಸಾಕಷ್ಟು ಆಳವಿಲ್ಲ, ಬೇರಿಂಗ್ ಕೂದಲೆಳೆಯಷ್ಟು ಹೊರಗೆ ನಿಂತು ಗಾಲಿ ಬಿಗಿಯುತ್ತದೆ. 2 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಿಂದಲೇ ತಿರುಗಿಸಿ ಕುಳಿಯನ್ನು ತುಸು ಆಳ ಮಾಡಿದರೆ ತೊಂದರೆ ತಪ್ಪುತ್ತದೆ. ಸೂಚನಾ ಪತ್ರದಲ್ಲಿ ಇದರ ಪ್ರಸ್ತಾಪವೇ ಇಲ್ಲದಿರುವುದು ಹೊಸಬರಿಗೆ ಮಾಡಿದ ಅನ್ಯಾಯ. ಆಮೇಲೆ ಸೋಲ್‌ಬಾರ್ ಎನ್ನುವ ಉದ್ದದ ಪಟ್ಟಿಗಳಲ್ಲಿ ಒಂದನ್ನು ಅಂಟಿಸಿ ಗಟ್ಟಿಯಾಗಲು ಬಿಡಬೇಕು. ಎರಡನೆಯದನ್ನು ಗಾಲಿಗಳ ಸಮೇತ ಕೂರಿಸಿ, ಅಂಟು ಹಸಿಯಿರುವಾಗಲೇ ವ್ಯಾಗನ್ನನ್ನು ದಪ್ಪ ಗಾಜಿನ ಮೇಲಿಟ್ಟು ನಾಲ್ಕು ಮೂಲೆಯನ್ನೂ ಒಂದೊಂದಾಗಿ ಒತ್ತಿ ನೋಡಬೇಕು. ಯಾವ ಮೂಲೆಯೂ ಅಲುಗಾಡದಿದ್ದರೆ ಆ ವ್ಯಾಗನ್ ಪಾಯಿಂಟ್‌ಗಳ (ಹಳಿ ಕವಲೊಡೆಯುವ ಜಾಗಗಳ) ಮೇಲೆ ಹಳಿ ತಪ್ಪುವುದು ಅಪರೂಪ. ಒಂದು ಆಕ್ಸಲ್ಲಿನ ಎರಡು ಗಾಲಿಗಳ ಒಳಮೈಗಳ ನಡುವೆ 14.5 ಮಿ.ಮೀ. ಇದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳುವುದು ಲೇಸು.

ಖಾಲಿ ಪ್ಲಾಸ್ಟಿಕ್ ವ್ಯಾಗನ್ ತೀರ ಹಗುರ. ಆಕ್ಸಲ್ಲಿಗೆ 25 ಗ್ರಾಂ ಎಂಬ ರೂಢಿಯ ಲೆಕ್ಕದಂತೆ ಒಟ್ಟು 50 ಗ್ರಾಂ ತೂಗುವಂತೆ ಭಾರ ತುಂಬಬೇಕಾಗುತ್ತದೆ. ಸೀಸದ ಗುಂಡುಗಳನ್ನು ಮರಗೆಲಸದ ಬಿಳಿ ಅಂಟಿನಲ್ಲಿ ಕಲಸಿ ಮುಚ್ಚಿದ ಜಾಗದಲ್ಲಿ ತುಂಬಲೇಬಾರದು. ಆ ಅಂಟಿನೊಡನೆ ಸೀಸ ನಿಧಾನವಾಗಿ ರಾಸಾಯನಿಕ ಕ್ರಿಯೆ ನಡೆಸಿ ಉಬ್ಬುತ್ತದೆ, ವರ್ಷಗಳ ನಂತರ ಪಕ್ಕದ ಗೋಡೆಗಳು ಒಡೆಯುತ್ತವೆ. ನಾನು ಎಪಾಕ್ಸಿಯನ್ನೇ ಬಳಸುತ್ತೇನೆ.

ಪ್ಲಾಸ್ಟಿಕ್ ಅಂಟು ಕಿಟ್ಟಿನೊಡನೆ ಬರುವುದಿಲ್ಲ. ಅದು ಎರಡೂ ಮೈಗಳ ಪಾಲಿಸ್ಟೈರೀನನ್ನು ಕರಗಿಸಿ ಒಂದಾಗಿಸುವ ದ್ರವವಾದ್ದರಿಂದ ಇಷ್ಟು ಮಳೆಗಾಲ ಕಳೆದರೂ ನನ್ನ ಯಾವ ವ್ಯಾಗನ್ನಿನ ಬೆಸುಗೆಯೂ ಬಿಟ್ಟಿಲ್ಲ ಎಂದು ಸಂತೋಷದಿಂದ ಹೇಳಬಲ್ಲೆ. ಬಣ್ಣದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ತೇವದಲ್ಲಿ ಸ್ಪ್ರೇ ಮಾಡಿದ ಬಣ್ಣ ಬೆಳ್ಳಗೆ ಮಂಕಾಗುತ್ತದೆ, ಎನಾಮಲ್ ದಿನಗಟ್ಟಲೆ ಜಿಗುಟಾಗಿಯೇ ಇರುತ್ತದೆ. ಕಟ್ಟುವುದು ಮಳೆಗಾಲಕ್ಕೆ, ಬಣ್ಣ ದೀಪಾವಳಿಯ ನಂತರಕ್ಕೆ ಎಂದು ಇಟ್ಟುಕೊಂಡರೆ ಒಳ್ಳೆಯದು.

ಎಂಜಿನ್ ಕಿಟ್ ಬೇರೆಯೇ ಲೋಕ. ಚಪ್ಪಟೆಯಾದ ಹಿತ್ತಾಳೆ ತಗಡಿನಲ್ಲಿ ಆಮ್ಲದಿಂದ ಕೊರೆದ ಭಾಗಗಳನ್ನು ಬಿಡಿಸಿ, ಮಡಚಿ, ಬೆಸೆಯಬೇಕು. ಹೊಗೆಕೊಳವೆ, ಗುಮ್ಮಟ ಮುಂತಾದವು ವೈಟ್‌ಮೆಟಲ್ ಎಂಬ ಮೃದು ಮಿಶ್ರಲೋಹದ ಎರಕದವು. ಅವಕ್ಕೆ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಬೆಸುಗೆಯೇ ಬೇಕು, ಹಿತ್ತಾಳೆಗೆ ಬಳಸುವ ಕಾವು ತಗುಲಿದರೆ ಎರಕವೇ ಕರಗಿಹೋಗುತ್ತದೆ. ಬೆಸುಗೆ ಹಿಡಿಯಲೆಂದು ಹಚ್ಚುವ ಆಮ್ಲಯುಕ್ತ ಫ್ಲಕ್ಸನ್ನು ಅದೇ ಸಂಜೆ ಬಿಸಿನೀರಿನಲ್ಲಿ ಉಜ್ಜಿ ತೊಳೆಯದಿದ್ದರೆ ನಮ್ಮ ಹವೆಯಲ್ಲಿ ಬೇಗನೆ ಹಸಿರು ಕಿಲುಬು ಏರುತ್ತದೆ. ಒಂದು ಕಡೆಯ ಗಾಲಿಗಳ ಕ್ರ್ಯಾಂಕ್ (ರಾಡು ಸಿಕ್ಕಿಸುವ ಗೂಟವಿರುವ ಭಾಗ) ಇನ್ನೊಂದು ಕಡೆಯದಕ್ಕೆ 90 ಡಿಗ್ರಿ ಕೋನದಲ್ಲಿರಬೇಕು. ಕೋನದ ಅಳತೆಗಿಂತಲೂ ಎಲ್ಲ ಆಕ್ಸಲ್‌ಗಳಲ್ಲಿ ಅದು ಒಂದೇ ಆಗಿರುವುದು ಮುಖ್ಯ, ಇಲ್ಲವಾದರೆ ಪ್ರತಿ ಸುತ್ತಿನಲ್ಲೂ ಎಂಜಿನ್ ಕುಂಟುತ್ತದೆ. ಈ ಕಿಟ್ಟಿನಲ್ಲಿ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡುಗಳ ರಂಧ್ರಗಳು ಚೌಕಟ್ಟಿನ ಅಂತರಕ್ಕೆ ಸರಿಯಾಗಿ ಹೊಂದಿದ್ದವು, ತಯಾರಕರ ಶ್ರದ್ಧೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅರ, ಡ್ರಿಲ್ ಬಿಟ್ಟುಗಳು ಮುಂಬಯಿಯ ನಾಗದೇವಿ ಬೀದಿಯಲ್ಲಿಯೂ ಸಾಲ್ಡರಿಂಗ್ ಐರನ್ ಲ್ಯಾಮಿಂಗ್ಟನ್ ರಸ್ತೆಯಲ್ಲಿಯೂ ಸುಲಭವಾಗಿ ಸಿಗುತ್ತವೆ.

ಮುಂಬಯಿ-ಪುಣೆ ನಡುವೆ ಓಡುವ ನಮ್ಮ ಡೆಕ್ಕನ್ ಕ್ವೀನ್ ರೈಲನ್ನು ಕಟ್ಟುವ ಆಸೆಯಿಂದ ಇವನ್ನು ಕೊಳ್ಳುವವರು ಒಂದು ಲೆಕ್ಕವನ್ನು ಗಮನಿಸಬೇಕು. ಓಓ ಹಳಿಯ ಅಗಲ 16.5 ಮಿ.ಮೀ.; ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್ ಇದೇ ಅಳತೆಯಲ್ಲಿ 22 ಮಿ.ಮೀ. ಆಗುತ್ತದೆ. ಕೆಳಚೌಕಟ್ಟನ್ನು ಹೊಸದಾಗಿ ಮಾಡದೆ ಈ ವ್ಯತ್ಯಾಸ ಮುಚ್ಚುವುದಿಲ್ಲ. ಗಾಲಿ, ಮೋಟರ್, ಗೇರ್‌ಬಾಕ್ಸ್ ಯಾವುವೂ ಎಂಜಿನ್ ಕಿಟ್ಟಿನ ಪೆಟ್ಟಿಗೆಯಲ್ಲಿರಲಿಲ್ಲ. ಬೇರೆ ಬೇರೆಯಾಗಿ ತರಿಸಿದರೆ ಅಂಚೆಯ ಖರ್ಚೇ ಮೈಮೇಲೆ ಬರುವುದರಿಂದ ಎಲ್ಲವನ್ನೂ ಒಂದೇ ಸಲ ತರಿಸಿಕೊಳ್ಳಿ.